ಪಿಚಕಾರಿ ಮಾಡೆಲ್: ಎಲುಬು ಕಿತ್ತು ಹಾಕಿದ ವಾರ

ಕೊಪ್ಪಳದಲ್ಲಿ ಕೂತು ಸಮುದ್ರದ ಪ್ರಾಣಿ ಮಾಡುತ್ತಿದ್ದೇನೆ. ನಮಗೆ ದೊಡ್ಡ ನೀರು ಅಂದರೆ ತುಂಗಭದ್ರಾ ಡ್ಯಾಮಿನ ಹಿನ್ನೀರು, ಅಷ್ಟೇ.

ಈ ಸಲದ್ದು ಸೀ ಸ್ಕ್ವರ್ಟ್. ಬಂಡೆಗೆ ಅಂಟಿಕೊಂಡೇ ಇರುತ್ತದೆ. ಒಂದು ಬಾಯಿಂದ ನೀರು ಎಳೆದುಕೊಂಡು ಇನ್ನೊಂದರಿಂದ ಬಿಡುತ್ತದೆ. ಕೆಣಕಿದರೆ ಚಿರ್ ಅಂತ ನೀರು ಹಾರಿಸುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಇದರ ಹೆಸರು ಪಿಚಕಾರಿ. ನಾನು ಆರಿಸಿಕೊಂಡ ಜಾತಿ ಕ್ಲಾವೆಲಿನಾ ಒಸಿಪಾಂಡೆ. ಜಪಾನಿನ ಒಕಿನಾವಾ ಕಡೆ ಕುಮೆ ಅಂತ ಒಂದು ದ್ವೀಪ ಇದೆ, ಅಲ್ಲಿಯದು. ಡೈವಿಂಗ್ ಮಾಡುವವರು ಇದರ ಫೋಟೊ ಮೊದಲೇ ತೆಗೆದಿದ್ದರು. ಹೊಕ್ಕೈಡೊ ವಿಶ್ವವಿದ್ಯಾಲಯದವರು ಹೊಸ ಜಾತಿ ಅಂತ ಹೆಸರಿಟ್ಟಿದ್ದು 2024ರಲ್ಲಿ. ನೋಡಲು ಎಲುಬಿನ ಚಿತ್ರದ ಅಂಗಿ ತೊಟ್ಟ ಪಾಂಡಾ ಮರಿ! ನಿಜವಾದದ್ದು 2 ಸೆಂ.ಮೀ. ಒಳಗೇ ಇರುತ್ತದೆ. ನನ್ನದು 20 ಸೆಂ.ಮೀ.

ಮೊದಲ ಮಾಡೆಲ್ ರೆಸಿನ್‌ದು. ನಮ್ಮ ಬಿಸಿಲಿಗೆ ಡಬ್ಬಿಯಲ್ಲೇ ಕಾದು, ಹೊಗೆ ಬಂದು, ಬೆಲ್ಲದ ಬಣ್ಣಕ್ಕೆ ತಿರುಗಿ ಗಟ್ಟಿಯಾಯಿತು. ಆ ಕಥೆ ಬೇಡ.

ಎರಡನೆಯದಕ್ಕೆ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿದೆ. ಒಳಗೆ ಬಿಳಿ ತಂತಿಯಲ್ಲಿ ಚೆಂದದ ಬೆನ್ನೆಲುಬು, ಎರಡೂ ಕಡೆ ಪಕ್ಕೆಲುಬು. ಮೂರು ರಾತ್ರಿ ಕೂತಿದ್ದೆ. ಅಕ್ಕನ ಮಗಳು ಬಂದು ಒಮ್ಮೆ ನೋಡಿದಳು. "ಮಾಮಾ, ಇದಕ್ಕ ಬೆನ್ನೆಲಬು ಎಲ್ಲಿಂದ ಬಂತು? ಫೋಟೊದಾಗ ಬರೇ ಅಡ್ಡಗೆರಿ ಅದಾವಲ್ಲ!"

ಹೌದಲ್ವಾ. ಅವು ಎಲುಬೇ ಅಲ್ಲ, ರಕ್ತನಾಳ. ಇದರ ಕಿವಿರು ಒಂದು ಬುಟ್ಟಿ ಇದ್ದ ಹಾಗೆ, ಮೈಯ ಅರ್ಧಕ್ಕಿಂತ ಜಾಸ್ತಿ ಜಾಗ ಅದರದ್ದೇ ಅನ್ನಿಸುತ್ತದೆ. ನೀರು ಬುಟ್ಟಿಯ ತೂತುಗಳಲ್ಲಿ ಸೋರಿ ಹೋಗುತ್ತದೆ, ಸಣ್ಣ ಸಣ್ಣ ಆಹಾರದ ಕಣಗಳು ಲೋಳೆಗೆ ಅಂಟಿ ಉಳಿಯುತ್ತವೆ. ಆ ಬುಟ್ಟಿಯಲ್ಲಿ ಅಡ್ಡಡ್ಡ ಹಾಯುವ ನಾಳಗಳು ಬೆಳ್ಳಗೆ ಕಾಣುತ್ತವೆ. ನಾನು ಅದಕ್ಕೆ ನನ್ನ ಎದೆಗೂಡು ಹಾಕಿಬಿಟ್ಟಿದ್ದೆ.

ತಂತಿ ಎಲ್ಲ ಕಿತ್ತೆ. ಈಗ ಸೊಳ್ಳೆ ಪರದೆಯ ತುಂಡು ಸುತ್ತಿ ಬುಟ್ಟಿ ಮಾಡಿದ್ದೇನೆ. ಅದರ ಸುತ್ತ ಸಣ್ಣ ಪೈಪು, ಒಳಗೆ ಸುಣ್ಣದ ನೀರು. ಬೆಳಿಗ್ಗೆ ಎದ್ದು ನೋಡಿದರೆ ಸುಣ್ಣ ತಳಕ್ಕೆ ಇಳಿದು ಪ್ರತಿ ಗೆರೆಯೂ ಅರ್ಧ ಬಿಳಿ, ಅರ್ಧ ಖಾಲಿ. ಬಿಳಿ ಡಿಸ್ಟೆಂಪರನ್ನು ತೆಳ್ಳಗೆ ಕಲಸಿ ಹಾಕಿದ ಮೇಲೆ ಸರಿಹೋಯಿತು.

ಪೈಪಿನ ಎರಡು ತುದಿಗೂ ಸಿರಿಂಜ್ ಸಿಕ್ಕಿಸಿದ್ದೇನೆ. ಇದು ನನಗೆ ತುಂಬಾ ಇಷ್ಟವಾದ ಭಾಗ. ಸೀ ಸ್ಕ್ವರ್ಟ್‌ಗಳ ಹೃದಯ ಸ್ವಲ್ಪ ಹೊತ್ತು ರಕ್ತವನ್ನು ಒಂದು ಕಡೆ ತಳ್ಳುತ್ತದೆ, ನಿಲ್ಲುತ್ತದೆ, ಆಮೇಲೆ ಉಲ್ಟಾ ತಳ್ಳುತ್ತದೆ. ನಮ್ಮ ಹೃದಯ ಹಾಗೆ ಮಾಡಿದರೆ ಗತಿ ಏನು! ಈ ಸಿರಿಂಜ್ ಒತ್ತು, ಆ ಸಿರಿಂಜ್ ಒತ್ತು. ಓಣಿಯ ಹುಡುಗರಿಗೆ ಸಂಜೆ ಇದೇ ಆಟ.

ಹೊರಗಿನ ಬಾಟಲಿ ಅದರ ಅಂಗಿ. ನಿಜವಾದ ಅಂಗಿಯಲ್ಲಿ ಸೆಲ್ಯುಲೋಸ್ ಇರುತ್ತದೆ, ನಮ್ಮ ಹೊಲದ ಹತ್ತಿಯಲ್ಲಿ ಇರುವಂಥದ್ದೇ. ಪ್ರಾಣಿಯೊಂದು ಅದನ್ನು ತಾನೇ ತಯಾರಿಸಿ ತೊಡುವುದು ಬಹಳ ಅಪರೂಪ. ಇನ್ನೊಂದು ವಿಷಯ: ಮರಿ ಕಪ್ಪೆಮರಿಯ ಹಾಗೆ ಬಾಲ ಆಡಿಸಿ ಈಜುತ್ತದೆ. ಆ ಬಾಲದೊಳಗೆ ಒಂದು ಮೆತ್ತನೆ ದಂಡ ಇರುತ್ತದೆ, ನಮಗೂ ತಾಯಿಯ ಹೊಟ್ಟೆಯಲ್ಲಿರುವಾಗ ಬೆನ್ನೆಲುಬಿಗಿಂತ ಮೊದಲು ಮೂಡುವಂಥದ್ದು. ಬಂಡೆಗೆ ಅಂಟಿದ ಮೇಲೆ ಬಾಲವೂ ಕರಗುತ್ತದೆ, ದಂಡವೂ ಹೋಗುತ್ತದೆ. ಅಂದರೆ ಇದು ಬಸವನಹುಳಕ್ಕಿಂತ ನಮಗೇ ಹತ್ತಿರದ ನೆಂಟ.

ಬಂಡೆಗೆ ಕಿನ್ನಾಳದ ಗೊಂಬೆಯವರ ಹಾಗೆ ಹುಣಸೆ ಬೀಜದ ಅಂಟಿನಲ್ಲಿ ಕಟ್ಟಿಗೆ ಪುಡಿ ಕಲಸಿದೆ. ಇಲಿ ಒಂದು ಮೂಲೆ ತಿಂದಿದೆ. ಬಂಡೆ ಅಲ್ವಾ, ಸವೆದ ಹಾಗೇ ಕಾಣುತ್ತದೆ ಅಂತ ಸುಮ್ನೆ ಬಿಟ್ಟೆ.

ಉಳಿದಿರುವುದು ಪಾಂಡಾ ಮುಖ. ಅಲ್ಲಿರುವುದು ಕಣ್ಣಲ್ಲ, ಮೂಗೂ ಅಲ್ಲ, ಬರೀ ಕಪ್ಪು ಮಚ್ಚೆ. ಎರಡು ಸಲ ಬಳಿದೆ, ಎರಡು ಸಲವೂ ಬೆಕ್ಕಾಯಿತು. ಮೇಲಿನ ಬಾಯಿ ಬೇರೆ ಸೋರುತ್ತಿದೆ, ನಾಳೆ ಎಂ-ಸೀಲ್ ತರಬೇಕು.