ಹದ

ಕೋಲಾರದ ಕಡೆ ಮಳೆ ಬಿದ್ದು ಕೆಂಪು ಮಣ್ಣು ಹದಕ್ಕೆ ಬರೋ ತನಕ ರಾಗಿ ಬಿತ್ತೋಕೆ ಕೈ ಹಾಕಲ್ಲ. ಚರ್ಚಿನ ಭಾನುವಾರದ ಆರಾಧನೆಗೆ ಮಾತ್ರ ಹದ ಮಾಡದ ಮನಸ್ಸು ಹೊತ್ಕೊಂಡು ಹೋಗ್ತೀವಿ, ಅದೂ ಮೊದಲ ಹಾಡು ಮುಗಿದ ಮೇಲೆ!

ಯೇಸು ಹೇಳಿದ ಬಿತ್ತುವವನ ಸಾಮ್ಯ (ದೃಷ್ಟಾಂತದ ಕಥೆ) ಬೈಬಲಿನ ಮತ್ತಾಯ 13, ಮಾರ್ಕ 4, ಲೂಕ 8 ಮೂರರಲ್ಲೂ ಇದೆ. ಬೀಜ, ಅಂದ್ರೆ ದೇವರ ವಾಕ್ಯ, ಒಂದೇ; ಬೇರೆಯಾಗೋದು ನೆಲ, ಅಂದ್ರೆ ಕೇಳುವವರ ಮನಸ್ಸು. ದಾರಿ ಬದಿಯದ್ದು ಹಕ್ಕಿ ಪಾಲು: ಕೇಳಿಯೂ ಅರ್ಥ ಮಾಡಿಕೊಳ್ಳದವರ ಪಾಡು. ಬಂಡೆ ಮೇಲಿನ ತೆಳು ಮಣ್ಣೇ ಎಲ್ಲಕ್ಕಿಂತ ಮೋಸ. ಮೊಳಕೆ ಬೇಗ ಬರುತ್ತೆ, ಬೇರು ಇರಲ್ಲ. ಪಾದ್ರಿಯ ಪ್ರಸಂಗಕ್ಕೆ (ಉಪದೇಶಕ್ಕೆ) ಕಣ್ಣೀರಿಟ್ಟು ಬುಧವಾರಕ್ಕೆ ಮರೆತ ಹಾಗೆ. ಮುಳ್ಳು ಅಂದ್ರೆ ಚಿಂತೆ, ದುಡ್ಡಿನಾಸೆ. ಈಗ ಜೇಬಿನಲ್ಲಿರೋ ಫೋನನ್ನೂ ಸೇರಿಸಬಹುದು.

ಶನಿವಾರ ರಾತ್ರಿಯೇ ಮರುದಿನ ಓದೋ ಬೈಬಲ್ ಭಾಗವನ್ನ 2 ಸಲ ಓದಿ, ಎರಡನೇ ಸಲ ಬಾಯಿಬಿಟ್ಟು, ನಿಧಾನಕ್ಕೆ. 10–15 ವಚನ ಸಾಕು; ಮೂರು ಅಧ್ಯಾಯ ಓಡಿಸಿದ್ರೆ ಕಣ್ಣು ಓದುತ್ತೆ, ಮನಸ್ಸು ಓದಲ್ಲ. ಮನಸ್ಸು ತಡೆದು ನಿಂತ ಪದಕ್ಕೆ ಪೆನ್ಸಿಲ್ ಗೆರೆ. ಆಮೇಲೆ 2 ನಿಮಿಷ ಸುಮ್ಮನಿರಿ. ಪ್ರಸಂಗ ಕೇಳುವಾಗ 'ಇದು ಪಕ್ಕದ ಮನೆಯವರಿಗೆ ಹೇಳಿ ಮಾಡಿಸಿದ ಮಾತು' ಅನ್ನಿಸ್ತೋ, ಕಿವಿ ಅಲ್ಲಿಗೆ ಮುಚ್ಚಿತು ಅಂತಲೇ ಲೆಕ್ಕ. ಮನೆಗೆ ಬಂದು ಒಂದೇ ವಾಕ್ಯ ಬರೆದಿಟ್ಟು, ಆ ವಾರ ಮಾಡೋ ಒಂದು ಕೆಲಸ ಗೊತ್ತು ಮಾಡ್ಕೊಳ್ಳಿ. ಒಳ್ಳೆ ನೆಲದಲ್ಲಿ ಫಲ ತಾಳ್ಮೆಯಿಂದ ಬರುತ್ತೆ ಅನ್ನುತ್ತೆ ಲೂಕ 8:15. ರಾಗಿಗೇ ಮೂರೂವರೆ, ನಾಲ್ಕು ತಿಂಗಳು ಬೇಕಲ್ವಾ.