ಅಕ್ಕನ ಮುಖದ ಕೆಳಗೆ ನಾಲ್ಕು ದಿನ

ಬುಧವಾರ, 9 ಜುಲೈ 2025
ಹನುಮಂತನಗರ, ರಾತ್ರಿ 11.20

ಮಧ್ಯಾಹ್ನ ಮೀಟಿಂಗ್‌ನಲ್ಲಿ ಇದ್ದಾಗ ಅಮ್ಮನ ಫೋನ್ ಮೂರು ಸಲ ಬಂತು. ಅಮ್ಮ ಆಫೀಸ್ ಹೊತ್ತಲ್ಲಿ ಫೋನ್ ಮಾಡುವವಳಲ್ಲ. ಹೊರಗೆ ಬಂದು ಮಾಡಿದೆ.

"ಅಕ್ಕನ ಫೋಟೋ ಕೆಳಗೆ ಫೋರ್ ಡೇಸ್ ಅಂತ ಬಂದಿದೆ ಕಣೇ."

"ಏನು?"

"ಫೋರ್ ಡೇಸ್. ಅವಳ ಮುಖದ ಕೆಳಗೇನೇ. ಎಲ್ಲ ಫೋಟೋಗೂ ಹಾಗೇ ಇದೆ. ಯಾಕೆ ಹಾಗೆ ಬಂದಿದೆ? ಬೇಗ ಬಾರೇ."

ದೊಡ್ಡಮ್ಮ ಹೋದ ತಿಂಗಳು ಸಾಗರದ ಮನೆಯ ಬಚ್ಚಲಲ್ಲಿ ಜಾರಿ ಬಿದ್ದಾಗಿನಿಂದ ಅಮ್ಮನಿಗೆ ಸರಿಯಾಗಿ ನಿದ್ದೆ ಇಲ್ಲ. ಎಂಬತ್ತೊಂದು ವರ್ಷ ಅವರಿಗೆ. ಅಂಥ ಹೊತ್ತಲ್ಲಿ ಅಕ್ಕನ ಮುಖದ ಕೆಳಗೆ ಹೀಗೆ ದಿನ ಎಣಿಸಿ ಬರೆದಿದ್ದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತೆ. ನನಗೆ ಅದು ಏನು ಅಂತ ಗೊತ್ತಿತ್ತು. ಆದರೂ ಕೈ ತಣ್ಣಗಾಯಿತು.

ಅಮ್ಮನ ಐಪ್ಯಾಡ್‌ನಲ್ಲಿ ಡಿಲೀಟ್ ಮಾಡಿದ ಫೋಟೋ ಕೂಡಲೇ ಹೋಗಿಬಿಡುವುದಿಲ್ಲ. ರೀಸೆಂಟ್ಲಿ ಡಿಲೀಟೆಡ್ ಅಂತ ಒಂದು ಜಾಗ ಇದೆ, ಅಲ್ಲಿ 30 ದಿನ ಇರುತ್ತೆ. ಪ್ರತಿ ಫೋಟೋದ ಕೆಳಗೆ ಇನ್ನೆಷ್ಟು ದಿನ ಉಳಿದಿದೆ ಅಂತ ಬರೆದಿರುತ್ತೆ. ನಾಲ್ಕು ದಿನ ಅಂದರೆ ಅಮ್ಮ ಅವನ್ನು ಅಳಿಸಿ ಆಗಲೇ ಇಪ್ಪತ್ತಾರು ದಿನ ಆಗಿತ್ತು. "ಏನೂ ಮುಟ್ಟಬೇಡ, ಹಾಗೇ ಇಟ್ಟಿರು" ಅಂತ ಹೇಳಿ ಫೋನ್ ಇಟ್ಟೆ.

ಆಮೇಲೆ ನೆನಪಾಯಿತು. ಅಕ್ಕನ ಆ ಫೋಟೋಗಳನ್ನು ಹಳೇ ಕ್ಯಾಮೆರಾದ ಕಾರ್ಡಿನಿಂದ ಐಪ್ಯಾಡಿಗೆ ಇಂಪೋರ್ಟ್ ಮಾಡಿದ ಮೇಲೆ "ಕಾರ್ಡಿನಲ್ಲಿರುವುದನ್ನು ಅಳಿಸಲೇ, ಇಟ್ಟುಕೊಳ್ಳಲೇ" ಅಂತ ಅದು ಕೇಳಿತ್ತು. ನಾನು ಅಳಿಸು ಅಂತ ಒತ್ತಿದ್ದೆ. ಕಾರ್ಡ್ ಖಾಲಿ ಆಗಲಿ ಅಂತ, ಅಷ್ಟೇ. ಬೇರೆ ಕಡೆ ಕಾಪಿ ಮಾಡಿರಲಿಲ್ಲ. ಅಂದರೆ ಆ ಹದಿನಾಲ್ಕು ಫೋಟೋ ಇಡೀ ಲೋಕದಲ್ಲಿ ಇದ್ದದ್ದು ಅಲ್ಲಿ ಮಾತ್ರ. ಇನ್ನು ನಾಲ್ಕು ದಿನ ಅಷ್ಟೇ.

ಮನೆಗೆ ಬಂದಾಗ ಅಮ್ಮ ದೀಪ ಹಚ್ಚಿ, ಐಪ್ಯಾಡನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಸ್ಕ್ರೀನ್ ಆರಿದಾಗಲೆಲ್ಲ ಬೆರಳು ತಾಗಿಸಿ ಎಬ್ಬಿಸುತ್ತಿದ್ದಳಂತೆ, ಆರಿಹೋದರೆ ಫೋಟೋನೂ ಹೋಗುತ್ತೆ ಅಂತ. ಚಪ್ಪಲಿ ಬಿಟ್ಟವಳೇ ಹದಿನಾಲ್ಕನ್ನೂ ಸೆಲೆಕ್ಟ್ ಮಾಡಿ ರಿಕವರ್ ಒತ್ತಿದೆ. ಎಲ್ಲವೂ ವಾಪಸ್ ಬಂದವು.

"ಯಾಕಮ್ಮಾ ಅಳಿಸಿದ್ದು?"

"ಜಾಗ ಇಲ್ಲ ಅಂತ ಬರ್ತಿತ್ತಲ್ಲ. ನೀನು ಅಕ್ಕ ಅಂತ ಆಲ್ಬಮ್ ಮಾಡಿಕೊಟ್ಟಿದ್ದೆ. ಅಲ್ಲೂ ಅದೇ ಫೋಟೋ, ಇಲ್ಲೂ ಅದೇ ಫೋಟೋ. ಎರಡೆರಡು ಯಾಕೆ ಅಂತ ಒಂದು ಕಡೇದು ತೆಗೆದೆ."

ಅವಳು ಯೋಚಿಸಿದ್ದು ಸರಿಯಾಗೇ ಇದೆ. ಮನೆಯ ಆಲ್ಬಮ್‌ಗೆ ಒಂದು ಪ್ರಿಂಟ್ ಅಂಟಿಸಿದರೆ ಇನ್ನೊಂದು ಬೀರುವಿನಲ್ಲಿ ಬೇರೆಯಾಗಿ ಇರುತ್ತೆ. ಇಲ್ಲಿ ಹಾಗಲ್ಲ. ಫೋಟೋ ಇರುವುದು ಒಂದೇ, ಆಲ್ಬಮ್ ಅದನ್ನೇ ಇನ್ನೊಂದು ಬಾಗಿಲಿನಿಂದ ತೋರಿಸುತ್ತೆ. ಲೈಬ್ರರಿಯಲ್ಲಿ ಅಳಿಸಿದರೆ ಆಲ್ಬಮ್ಮಿನಿಂದಲೂ ಹೋಗುತ್ತೆ. ಇದನ್ನು ನಾನು ಅವತ್ತೇ ಕೂತು ಹೇಳಬೇಕಿತ್ತು. ಮಾಡಿಕೊಟ್ಟೆ, ಎದ್ದು ಹೋದೆ. ಐಪ್ಯಾಡಿನ 64 ಜಿಬಿಯಲ್ಲಿ ಜಾಗ ತಿಂದದ್ದು ಮೊಮ್ಮಗಳ ಡಾನ್ಸ್ ವಿಡಿಯೋಗಳು. ಅವನ್ನು ಅಮ್ಮ ಮುಟ್ಟಿಲ್ಲ.

ಕಾಫಿ ಕುಡಿದು ಪ್ರಿಂಟ್ ತೆಗೆಯೋಣ ಅಂತ ಕೂತೆವು. ಪ್ರಿಂಟರೇ ಕಾಣಿಸುತ್ತಿರಲಿಲ್ಲ. ಐಪ್ಯಾಡ್ ನನ್ನ ಫೋನಿನ ಹಾಟ್‌ಸ್ಪಾಟ್‌ನಲ್ಲಿತ್ತು, ಪ್ರಿಂಟರ್ ಮನೆಯ ವೈಫೈನಲ್ಲಿತ್ತು. ಎರಡನ್ನೂ ಒಂದೇ ವೈಫೈಗೆ ತಂದ ಮೇಲೆ ಸರಿಹೋಯಿತು.

ಅಮ್ಮ ಆರಿಸಿದ್ದು ಬಸವನಗುಡಿಯ ಕಡಲೆಕಾಯಿ ಪರಿಷೆಯ ಫೋಟೋ. ದೊಡ್ಡಮ್ಮ ಬಸವಣ್ಣನ ಗುಡಿಯ ಹತ್ತಿರ ಕಟ್ಟೆ ಮೇಲೆ ಕೂತಿದ್ದಾರೆ, ಮಡಿಲ ತುಂಬ ಕಡಲೆಕಾಯಿ. ಅದರ ಮೇಲೆ ತಾರೀಖು 2008ರ ಜನವರಿ 1 ಅಂತ ಇದೆ. ಆ ಕಾರ್ಡಿನ ಎಲ್ಲ ಫೋಟೋಗೂ ಅದೇ ತಾರೀಖು. ಕ್ಯಾಮೆರಾದ ಬ್ಯಾಟರಿ ಪೂರ್ತಿ ಸತ್ತು ಗಡಿಯಾರ ಮೊದಲಿಗೆ ಹೋಗಿತ್ತು, ಸರಿ ಮಾಡದೆ ಹಾಗೇ ಫೋಟೋ ತೆಗೆದಿದ್ದೆವು.

"2008ರಲ್ಲಿ ಮೆಟ್ರೋ ಎಲ್ಲಿತ್ತು?" ಅಂದಳು ಅಮ್ಮ. "ಅಕ್ಕ ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು, ಅಲ್ಲಿಂದ ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜಿಗೆ ಬಂದಿದ್ಲು. ಅದು ಶುರುವಾದ ವರ್ಷವೇ. ಮಾರ್ಕೆಟ್ ದಾಟಿ ಗಾಡಿ ನೆಲದೊಳಗಿಂದ ಮೇಲೆ ಬಂದಾಗ ಕೈ ಮುಗಿದಳು ನೋಡು."

ಆ ದಾರಿ ಶುರುವಾಗಿದ್ದು 2017ರ ಜೂನ್‌ನಲ್ಲಿ. ಪರಿಷೆ ಕಾರ್ತಿಕದ ಕೊನೆ ಸೋಮವಾರ. ಆ ವರ್ಷ ಅಮಾವಾಸ್ಯೆ ನವೆಂಬರ್ 18ಕ್ಕೆ, ಶನಿವಾರ. ಅದರ ಹಿಂದಿನ ಸೋಮವಾರ ಅಂದರೆ 13. ತಾರೀಖು ಬದಲಿಸುವ ಕಡೆ ಹೋಗಿ 2017ರ ನವೆಂಬರ್ 13 ಅಂತ ಹಾಕಿದೆ. ಫೋಟೋ ಹತ್ತಿರ ಹತ್ತಿರ ಹತ್ತು ವರ್ಷ ಮುಂದಕ್ಕೆ ಬಂದು ತನ್ನ ಜಾಗದಲ್ಲಿ ಕೂತಿತು. ಅಮ್ಮನ ಮುಖದಲ್ಲಿ ಇವತ್ತು ಮೊದಲ ಸಲ ನಗು ನೋಡಿದೆ.

ಪ್ರಿಂಟ್ ಬಂದಾಗ ಅದೂ ಹೋಯಿತು.

"ಕಡಲೆಕಾಯಿ ಎಲ್ಲಿ?"

ಮಡಿಲು ಕತ್ತರಿಸಿ ಹೋಗಿತ್ತು. ಆ ಕ್ಯಾಮೆರಾದ ಫೋಟೋ ಉದ್ದ ಅಗಲ ನಾಲ್ಕಕ್ಕೆ ಮೂರು, ನಾನು ಹಾಕಿದ್ದ ಕಾಗದ ಆರಕ್ಕೆ ನಾಲ್ಕು. ಕಾಗದ ಪೂರ್ತಿ ತುಂಬಿಸಲು ಹೋದರೆ ಎತ್ತರದಲ್ಲಿ ಒಂಬತ್ತರಲ್ಲಿ ಒಂದು ಪಾಲು ಹೊರಗೆ ಹೋಗುತ್ತೆ. ಲೆಕ್ಕಕ್ಕೆ ಅದು ಸಣ್ಣದು. ಆದರೆ ಈ ಫೋಟೋದಲ್ಲಿ ಇದ್ದದ್ದೇ ಆ ಮಡಿಲು ಅಲ್ವಾ.

ನಾಳೆ ಪೆನ್‌ಡ್ರೈವ್‌ಗೆ ಹಾಕಿಕೊಂಡು ಗಾಂಧಿ ಬಜಾರಿನ ಸ್ಟುಡಿಯೋಗೆ ಹೋಗಬೇಕು. ಸುತ್ತ ಬಿಳಿ ಅಂಚು ಬಿಟ್ಟರೂ ಪರವಾಗಿಲ್ಲ, ಏನೂ ಕತ್ತರಿಸದೆ ಕೊಡಿ ಅಂತ ಹೇಳಬೇಕು. ಎರಡು ಪ್ರತಿ. ಒಂದು ಸಾಗರಕ್ಕೆ. ವಾಟ್ಸ್ಯಾಪ್‌ನಲ್ಲಿ ಕಳಿಸುವುದಿಲ್ಲ, ಅದು ಫೋಟೋವನ್ನು ಕುಗ್ಗಿಸುತ್ತೆ. ಪೆನ್‌ಡ್ರೈವ್ ಅಮ್ಮನ ಬೀರುವಿನಲ್ಲೇ ಇರಲಿ. ಲ್ಯಾಪ್‌ಟಾಪ್‌ಗೂ ಈಗಲೇ ಹಾಕಿದ್ದೇನೆ.

ಎಂಟೂವರೆಗೆ ದೊಡ್ಡಮ್ಮನಿಗೆ ಫೋನ್ ಮಾಡಿದೆವು. ನಾಲ್ಕು ದಿನದ ಮಾತನ್ನು ಅಮ್ಮ ಎತ್ತಲೇ ಇಲ್ಲ. "ಊಟ ಆಯ್ತೇನೇ ಅಕ್ಕ, ಕಾಲು ಊರ್ತೀಯಾ ಈಗ" ಅಂದಳು. ಆಮೇಲೆ, "ಅವತ್ತು ಪರಿಷೆಲಿ ಎಷ್ಟು ಸೇರು ತಗೊಂಡ್ವಿ ಹೇಳು?"

ಎರಡು ಅಂದರು ದೊಡ್ಡಮ್ಮ. ಮೂರು ಅಂದಳು ಅಮ್ಮ. ಐದು ನಿಮಿಷ ಅದೇ ಮಾತು.

ಈಗ ಅಮ್ಮ ಮಲಗಿದ್ದಾಳೆ. ಉಳಿದವಕ್ಕೂ ತಾರೀಖು ಹಾಕೋಣ ಅಂತ ನಾನು ಒಂದೊಂದೇ ತೆರೆಯುತ್ತಿದ್ದೇನೆ. ಒಂಬತ್ತನೇದರಲ್ಲಿ ದೊಡ್ಡಮ್ಮನ ತೊಡೆ ಮೇಲೆ ಒಂದು ಮಗು, ಹಸಿರು ಸ್ವೆಟರ್, ಬಾಯಲ್ಲಿ ಬೆರಳು. ನಮ್ಮ ಮನೆಯ ಮಗು ಅಲ್ಲ. ಹಿಂದೆ ಇರುವ ಗೋಡೆ ಸಾಗರದ್ದೂ ಅಲ್ಲ, ನಮ್ಮದೂ ಅಲ್ಲ. ಯಾರದು ಅಂತ ಅಮ್ಮನಿಗೆ ಗೊತ್ತಿರಬಹುದು. ಇಲ್ಲದಿದ್ದರೆ ದೊಡ್ಡಮ್ಮನನ್ನೇ ಕೇಳಬೇಕು, ಬೆಳಿಗ್ಗೆ ಬೇಗ, ಅವರು ಔಷಧಿ ತಗೊಂಡು ಮಲಗುವ ಮುಂಚೆ