ಮುಚ್ಚಿದ ವಾಲ್ವ್ ಕೊನೆಗೂ ತೆರೆಯಿತು: ನಿಟಿನಾಲ್ ಸ್ಪ್ರಿಂಗ್ ಜೊತೆ ಗುದ್ದಾಟ

ನನ್ನ ಮಾದರಿ ಎಣ್ಣೆ ಪಂಪ್‌ನ ವಾಲ್ವ್ 47 ಡಿಗ್ರಿಗೆ ಮುಚ್ಚುತ್ತದೆ, 44ಕ್ಕೆ ತೆರೆಯುತ್ತದೆ. ಅದನ್ನು ಆಡಿಸುವುದು ನಿಟಿನಾಲ್ ಸ್ಪ್ರಿಂಗ್: ಬಿಸಿ ತಾಗಿದರೆ ಮೊದಲೇ ಕಲಿಸಿದ ಆಕಾರಕ್ಕೆ ಮರಳುವ ನಿಕಲ್-ಟೈಟಾನಿಯಂ ಮಿಶ್ರಲೋಹದ್ದು. ಇದನ್ನು ಬರೆಯುವಾಗ ನನಗೇ ನಂಬಿಕೆ ಬರುತ್ತಿಲ್ಲ. ಇದೇ ಅಳತೆಯ ಹಳೆಯ ಸ್ಪ್ರಿಂಗ್ 58ಕ್ಕೆ ಮುಚ್ಚಿಕೊಂಡರೆ 34ಕ್ಕೆ ಇಳಿಯುವವರೆಗೆ ಅಲುಗಾಡುತ್ತಲೇ ಇರಲಿಲ್ಲ. 24 ಡಿಗ್ರಿ ಹಿಸ್ಟರಿಸಿಸ್, ಅಂದರೆ ಮುಚ್ಚುವ ಮತ್ತು ತೆರೆಯುವ ತಾಪಮಾನಗಳ ಅಂತರ, ಈಗ 3ಕ್ಕೆ ಇಳಿದಿದೆ.

ಪಂಪ್ ಕಟ್ಟಿದ ಕತೆ ಬೇಡ. ಅಕ್ರಿಲಿಕ್ ಬ್ಯಾರೆಲ್, ಹಿತ್ತಾಳೆ ಪ್ಲಂಜರ್, ಪ್ಲಂಜರ್ ಜೊತೆ ಚಲಿಸುವ, ಚೆಂಡು ಕೂರುವ ಟ್ರಾವೆಲಿಂಗ್ ವಾಲ್ವ್, ಬ್ಯಾರೆಲ್ ತಳದಲ್ಲಿ ನಿಂತೇ ಇರುವ ಸ್ಟ್ಯಾಂಡಿಂಗ್ ವಾಲ್ವ್. ಸಕ್ಕರ್ ರಾಡ್ ಪಂಪ್ (ಉದ್ದ ಸರಳಿನಿಂದ ಪ್ಲಂಜರ್ ಮೇಲೆ ಕೆಳಗೆ ಆಡಿಸಿ ಬಾವಿಯ ಎಣ್ಣೆ ಎತ್ತುವ ಪಂಪ್) ಮಾದರಿ ಮಾಡಿದವರಿಗೆ ಇದೆಲ್ಲ ಹಳೇ ವಿಷಯ. ನನ್ನ ತಲೆನೋವು ಸ್ಟ್ಯಾಂಡಿಂಗ್ ವಾಲ್ವ್‌ನ ಕೆಳಗೆ ಕೂತಿರುವ ನಿಟಿನಾಲ್ ವಾಲ್ವ್. ಎಣ್ಣೆ ಬಿಸಿಯಾದರೆ ಅದು ತಾನಾಗಿಯೇ ಇನ್‌ಟೇಕ್ ಮುಚ್ಚಬೇಕು. ತಣ್ಣಗಾದರೆ ತಾನಾಗಿಯೇ ತೆರೆಯಬೇಕು. ವೈರ್ ಇಲ್ಲ, ಎಲೆಕ್ಟ್ರಾನಿಕ್ಸ್ ಇಲ್ಲ. ಸೆನ್ಸರ್ ಕೂಡ ಸ್ಪ್ರಿಂಗೇ, ಮೋಟರ್ ಕೂಡ ಸ್ಪ್ರಿಂಗೇ.

ಯಾಕೆ ಬೇಕು ಇದು? ಕೆನಡಾದ ಆಲ್ಬರ್ಟಾದಲ್ಲಿ ಬಿಟುಮೆನ್ (ಡಾಂಬರಿನಂಥ ಗಟ್ಟಿ ಕಚ್ಚಾ ಎಣ್ಣೆ) ತೆಗೆಯುವ ಸ್ಯಾಗ್‌ಡಿ (ಹಬೆಯಿಂದ ಕರಗಿಸಿ ಕೆಳಗಿಳಿಸುವ ವಿಧಾನ) ಬಾವಿಗಳನ್ನು ನೋಡಿ. ಒಂದರ ಮೇಲೊಂದು ಅಡ್ಡಕ್ಕೆ ಕೊರೆದ ಎರಡು ಬಾವಿಗಳು, ನಡುವೆ ಸುಮಾರು 5 ಮೀಟರ್ ಅಂತರ. ಮೇಲಿನದರಲ್ಲಿ ಹಬೆ ತಳ್ಳುತ್ತಾರೆ, ಕರಗಿದ ಬಿಟುಮೆನ್ ಮತ್ತು ಬಿಸಿನೀರು ಕೆಳಗಿನದಕ್ಕೆ ಇಳಿಯುತ್ತದೆ. ಕೆಳಗಿನ ಬಾವಿಯ ಮೇಲೆ ಸದಾ ಒಂದಿಷ್ಟು ದ್ರವ ನಿಂತಿರಬೇಕು, ಅದೇ ಹಬೆಗೆ ಅಡ್ಡಗೋಡೆ. ಆ ದ್ರವ ಹಬೆಗಿಂತ ಕೆಲವು ಡಿಗ್ರಿ ತಣ್ಣಗಿರಬೇಕು. ಈ ಅಂತರಕ್ಕೆ ಸಬ್‌ಕೂಲ್ ಅನ್ನುತ್ತಾರೆ. ಅದು ಕಡಿಮೆಯಾದರೆ ಹಬೆ ನುಗ್ಗುತ್ತದೆ. ರಾಡ್ ಪಂಪ್ ಆದರೆ ಮೇಲಿನ ಸ್ಟ್ರೋಕ್‌ನಲ್ಲಿ ಒತ್ತಡ ಇಳಿದ ಕೂಡಲೇ ಬಿಸಿನೀರು ಆವಿಯಾಗಿ ಬ್ಯಾರೆಲ್ ತುಂಬಿಕೊಳ್ಳುತ್ತದೆ. ಕೆಳಗೆ ಬರುವಾಗ ಟ್ರಾವೆಲಿಂಗ್ ವಾಲ್ವ್ ತೆರೆಯುವುದೇ ಇಲ್ಲ. ಪಂಪ್ ಸುಮ್ನೆ ಮೇಲೆ ಕೆಳಗೆ ಆಡುತ್ತಿರುತ್ತದೆ, ಬರುವುದು ಸೊನ್ನೆ.

ಹಾಗಾಗಿ ಹಿಸ್ಟರಿಸಿಸ್ 24 ಡಿಗ್ರಿ ಇದ್ದರೆ ವಾಲ್ವ್ ಇದ್ದೂ ಇಲ್ಲದ ಹಾಗೆ. ಬಿಸಿ ಬಂದಾಗ ಮುಚ್ಚುತ್ತದೆ, ಸರಿ. ಆಮೇಲೆ ದ್ರವ ಬೇಕಾದಷ್ಟು ತಣ್ಣಗಾದರೂ ಮುನಿಸಿಕೊಂಡ ಅಳಿಯನ ಹಾಗೆ ಬಾಗಿಲು ಹಾಕಿಕೊಂಡೇ ಕೂರುತ್ತದೆ. (ನನ್ನ ಮೇಜಿನ ಮೇಲೆ ಹಬೆ ಇಲ್ಲ. ಬಿಸಿ ಎಣ್ಣೆಯ ಇನ್ನೊಂದು ಲೈನ್ ಇದೆ ಅಷ್ಟೇ. 200 ಡಿಗ್ರಿ ದಾಟುವ ಆಟಕ್ಕೆ ಸಾಮಾನ್ಯ ನಿಟಿನಾಲ್ ಹೇಗೂ ಆಗುವುದಿಲ್ಲ.)

ಮೊದಲು ಅನುಮಾನ ಬಂದದ್ದು ಥರ್ಮಲ್ ಲ್ಯಾಗ್ ಮೇಲೆ, ಅಂದರೆ ಸ್ಪ್ರಿಂಗ್‌ಗೆ ಬಿಸಿ ತಡವಾಗಿ ತಲುಪುತ್ತಿದೆಯೇನೋ ಅಂತ. ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ) ತುದಿಯನ್ನು ನೇರ ಕಾಯಿಲ್‌ಗೇ ತಾಗಿಸಿ, ತುಂಬ ನಿಧಾನಕ್ಕೆ ಬಿಸಿ ಮಾಡಿ, ಅಷ್ಟೇ ನಿಧಾನಕ್ಕೆ ತಣಿಸಿದೆ. ಒಂದೆರಡು ಡಿಗ್ರಿ ಸುಧಾರಿಸಿತು. ಉಳಿದದ್ದು ಲೋಹದ್ದೇ ಸ್ವಭಾವ. ತಣ್ಣಗಿರುವಾಗಿನ ಮೆತ್ತಗಿನ ಒಳರಚನೆ ಮಾರ್ಟೆನ್ಸೈಟ್‌ನಿಂದ ಬಿಸಿಯಾದಾಗಿನ ಗಟ್ಟಿ ರಚನೆ ಆಸ್ಟೆನೈಟ್‌ಗೆ ಹೋಗುವ ದಾರಿ ಬೇರೆ, ವಾಪಸ್ ಬರುವ ದಾರಿ ಬೇರೆ. ಬರೀ ನಿಕಲ್-ಟೈಟಾನಿಯಂ ಮಿಶ್ರಲೋಹದಲ್ಲಿ ಈ ಅಂತರ 20ರಿಂದ 40 ಡಿಗ್ರಿ ಇರುವುದು ಮಾಮೂಲು.

ಆಮೇಲೆ ಎಲ್ಲರೂ ಹೇಳುವ ಉಪಾಯ: ಬಯಾಸ್ ಸ್ಪ್ರಿಂಗ್ (ನಿಟಿನಾಲ್ ತಣ್ಣಗಾದಾಗ ಅದನ್ನು ವಾಪಸ್ ತಳ್ಳುವ ಸಾಮಾನ್ಯ ಸ್ಪ್ರಿಂಗ್) ಗಟ್ಟಿ ಮಾಡು. ಮಾಡಿದೆ. ಒತ್ತಡ ಜಾಸ್ತಿಯಾದರೆ ಬದಲಾವಣೆಯ ತಾಪಮಾನ ಮೇಲೇರುತ್ತದೆ, ಹೆಚ್ಚುಕಡಿಮೆ 7 ಮೆಗಾಪ್ಯಾಸ್ಕಲ್‌ಗೆ ಒಂದು ಡಿಗ್ರಿ. ತೆರೆಯುವ ತಾಪಮಾನ ಏರಿತು. ಮುಚ್ಚುವುದೂ ಅದರ ಹಿಂದೆಯೇ ಏರಿತು! ಇಡೀ ಲೂಪ್ ಗಂಟುಮೂಟೆ ಕಟ್ಟಿಕೊಂಡು ಮೇಲಕ್ಕೆ ಹೋಯಿತೇ ಹೊರತು ಅಗಲ ಹಾಗೇ ಉಳಿಯಿತು. ಜೊತೆಗೆ ಸ್ಪ್ರಿಂಗ್ ಪ್ರತಿ ಸುತ್ತಿಗೂ ಚೂರು ಚೂರು ಕುಗ್ಗತೊಡಗಿತು. ಲಾಭ ಇಲ್ಲ, ನಷ್ಟ ಮಾತ್ರ.

ತಾಮ್ರ ಬೆರೆಸಿದ ನಿಟಿನಾಲ್ ತಂದರೆ ಹಿಸ್ಟರಿಸಿಸ್ 10-15ಕ್ಕೆ ಇಳಿಯುತ್ತದೆ ಅಂತ ಗೊತ್ತಿತ್ತು. ಕೇಳಿದರೆ ಮಾರುವವರು ಕನಿಷ್ಠ ಆರ್ಡರ್ ಕಿಲೋ ಲೆಕ್ಕದಲ್ಲಿ ಹೇಳಿದರು. ನನಗೆ ಬೇಕಿದ್ದದ್ದು ಎರಡು ಮೀಟರ್ ತಂತಿ ಸ್ವಾಮಿ, ಸೇತುವೆ ಕಟ್ಟುತ್ತಿಲ್ಲ. ಇನ್ನೊಬ್ಬರ ರೀಲ್ ಮೇಲೆ 'ಎಎಫ್' (ಬಿಸಿಯಾಗುವಾಗ ಆಸ್ಟೆನೈಟ್‌ಗೆ ಬದಲಾವಣೆ ಮುಗಿಯುವ ತಾಪಮಾನ) ಅಂತ ಒಂದೇ ಒಂದು ಸಂಖ್ಯೆ. ಅದು ಇಂಗಾಟ್‌ನಲ್ಲಿ (ಎರಕದ ಗಟ್ಟಿಯಲ್ಲಿ) ಅಳೆದದ್ದೋ, ಎಳೆದು ಮುಗಿಸಿದ ತಂತಿಯಲ್ಲಿ ಅಳೆದದ್ದೋ? ಎರಡಕ್ಕೂ ಹತ್ತಾರು ಡಿಗ್ರಿ ವ್ಯತ್ಯಾಸ ಬರಬಹುದು. ಮೇಲ್ ಹಾಕಿದೆ. ಅದೇ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಮಾಡಿ ವಾಪಸ್ ಕಳಿಸಿದರು. ನಿಕಲ್ ಶೇಕಡಾ 0.1ರಷ್ಟು ಆಚೀಚೆ ಆದರೆ ಸುಮಾರು 10 ಡಿಗ್ರಿ ಕೈತಪ್ಪುವ ಲೋಹ ಇದು. ಲೇಬಲ್‌ಗೆ ಇನ್ನೊಂದು ಸಾಲು ಸೇರಿಸಿದರೆ ಇವರ ಗಂಟೇನು ಹೋಗುತ್ತಿತ್ತೋ.

ದಾರಿ ಸಿಕ್ಕಿದ್ದು ರೈಲಿನಿಂದ. ಜಪಾನಿನ ಶಿಂಕಾನ್ಸೆನ್ ರೈಲಿನ ಗೇರ್‌ಬಾಕ್ಸ್‌ನಲ್ಲಿ ಎಣ್ಣೆಯ ಮಟ್ಟ ಹೊಂದಿಸಲು ನಿಟಿನಾಲ್ ಸ್ಪ್ರಿಂಗ್ ವಾಲ್ವ್ ಬಳಸಿದ್ದಾರೆ. ಎಣ್ಣೆ, ಬಿಸಿ, ವಾಲ್ವ್: ನನ್ನದೇ ಸಮಸ್ಯೆ ಅಲ್ವಾ? ಇಂಥ ಕೆಲಸಕ್ಕೆ ಹೊಂದುವುದು ಆರ್-ಫೇಸ್. ಆಸ್ಟೆನೈಟ್ ತಣ್ಣಗಾಗುವಾಗ ಮಾರ್ಟೆನ್ಸೈಟ್‌ಗೆ ಮೊದಲು ಬರುವ ಮಧ್ಯದ ನಿಲ್ದಾಣ ಅದು. ಅಲ್ಲಿವರೆಗೆ ಮಾತ್ರ ಹೋಗಿ ವಾಪಸ್ ಬಂದರೆ ಹಿಸ್ಟರಿಸಿಸ್ ಬರೀ ಎರಡು ಮೂರು ಡಿಗ್ರಿ. ಲಕ್ಷಗಟ್ಟಲೆ ಸುತ್ತು ಓಡಿದರೂ ಸ್ಪ್ರಿಂಗ್ ಸುಲಭಕ್ಕೆ ಸೋಲುವುದಿಲ್ಲ. ತೊಂದರೆ ಒಂದೇ, ಅಲ್ಲಿ ಸಿಗುವ ಸ್ಟ್ರೇನ್ (ಲೋಹದ ಆಕಾರ ಬದಲಾಗುವ ಪ್ರಮಾಣ) ಶೇಕಡಾ 1ರ ಒಳಗೆ. ಅದಕ್ಕಿಂತ ಜಾಸ್ತಿ ಒತ್ತಿದರೆ ಮಾರ್ಟೆನ್ಸೈಟ್ ಬಂದು ಕೂರುತ್ತದೆ, ಹಳೆಯ ಕತೆ ಮತ್ತೆ ಶುರು.

ಲೆಕ್ಕ ಹಾಕೋಣ. ತಂತಿ 1 ಮಿ.ಮೀ., ಕಾಯಿಲ್ ವ್ಯಾಸ 8, ಸುತ್ತು 3. ನನ್ನ ಹಳೆಯ ಪಾಪೆಟ್‌ಗೆ (ಸೀಟಿನ ಮೇಲೆ ಕೂತು ತೂತು ಮುಚ್ಚುವ ಬಿರಡೆ) 12 ಮಿ.ಮೀ. ಚಲನೆ ಬೇಕಿತ್ತು. ಶಿಯರ್ ಸ್ಟ್ರೇನ್ ಶೇಕಡಾ 2ಕ್ಕೆ ತಾಗುತ್ತದೆ. ಅಂದರೆ ಆ ವಿನ್ಯಾಸದಲ್ಲಿ ಆರ್-ಫೇಸ್ ಕನಸು. ಸುತ್ತು ಜಾಸ್ತಿ ಮಾಡಲು ಹೌಸಿಂಗ್‌ನಲ್ಲಿ ಜಾಗ ಇಲ್ಲ. ಹಾಗಾದರೆ ಚಲನೆಯನ್ನೇ ಕಡಿಮೆ ಮಾಡಬೇಕು. ಪಾಪೆಟ್ ಕಿತ್ತುಹಾಕಿ ಜಾರುವ ಸ್ಲೀವ್ (ಕೊಳವೆಯಂಥ ಕವಚ) ಹಾಕಿದೆ. ಒಂದೇ ದೊಡ್ಡ ತೂತಿನ ಬದಲು ಸುತ್ತಲೂ 4 ಮಿ.ಮೀ. ಎತ್ತರದ ಸಾಲು ಸಾಲು ಸೀಳುಗಳು. ಸ್ಲೀವ್ 4 ಮಿ.ಮೀ. ಜಾರಿದರೆ ಎಲ್ಲವೂ ಒಟ್ಟಿಗೆ ಮುಚ್ಚುತ್ತವೆ. ಸ್ಟ್ರೇನ್ ಈಗ ಶೇಕಡಾ 0.66. ಬಯಾಸ್ ಸ್ಪ್ರಿಂಗ್ ಹುಮ್ಮಸ್ಸಿನಲ್ಲಿ ಅದಕ್ಕಿಂತ ಜಾಸ್ತಿ ತಳ್ಳಬಾರದು ಅಂತ ಒಂದು ಗಟ್ಟಿ ಸ್ಟಾಪ್ ಕೂಡ ಇಟ್ಟೆ.

ಸ್ಲೀವ್‌ನಿಂದ ಬಿಟ್ಟಿಯಾಗಿ ಇನ್ನೊಂದು ಲಾಭ ಆಯಿತು. ರಾಡ್ ಪಂಪ್ ಎಳೆತ ಸಮನಾಗಿರುವುದಿಲ್ಲ. ಪ್ರತಿ ಮೇಲಿನ ಸ್ಟ್ರೋಕ್‌ಗೂ ಪಾಪೆಟ್ ಟಕ್ ಟಕ್ ಅಂತ ಸೀಟಿಗೆ ಬಡಿಯುತ್ತಿತ್ತು. ಸ್ಲೀವ್‌ಗೆ ದ್ರವ ಪಕ್ಕದಿಂದ ಬರುವುದರಿಂದ ಉದ್ದಕ್ಕೆ ಎಳೆಯುವ ಬಲ ಅಷ್ಟಾಗಿ ಇಲ್ಲ. ಬಡಿತ ನಿಂತಿದೆ.

ಇನ್ನು ಉಳಿದದ್ದು ಕುಲುಮೆ. ನಿಕಲ್ ಸ್ವಲ್ಪ ಜಾಸ್ತಿ ಇರುವ ತಂತಿಯನ್ನು ಮ್ಯಾಂಡ್ರಲ್‌ಗೆ (ಅಚ್ಚಿನ ಸರಳಿಗೆ) ಸುತ್ತಿ, ಮಾಮೂಲಿ 500ರ ಮೇಲಿನ ಶೇಪ್ ಸೆಟ್ಟಿಂಗ್ (ಆಕಾರ ಕಲಿಸುವ ಕಾವು) ಬಿಟ್ಟು, 430 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ನೀರಿಗೆ ಹಾಕಿದೆ. ಆಗ ಒಳಗೆ ಹುಟ್ಟುವ ನಿಕಲ್ ಹೆಚ್ಚಿರುವ ಸಣ್ಣ ಕಣಗಳು ಆರ್-ಫೇಸ್‌ಗೆ ದಾರಿ ಮಾಡಿಕೊಡುತ್ತವೆ. ಬಂತೋ ಇಲ್ಲವೋ ಅಂತ ತಿಳಿಯಲು ಸ್ಪ್ರಿಂಗ್ ಎರಡೂ ತುದಿಗೆ ಟೆಫ್ಲಾನ್ ವಾಷರ್ ಇಟ್ಟು, ನಾಲ್ಕು ವೈರ್ ಕ್ರಿಂಪ್ ಮಾಡಿ ರೆಸಿಸ್ಟೆನ್ಸ್ ಅಳೆದೆ. ಸೋಲ್ಡರ್ ಹಿಡಿಯುವುದಿಲ್ಲ, ಪ್ರಯತ್ನಿಸಬೇಡಿ. ಬಿಸಿಯಿಂದ ತಣ್ಣಗಾಗುತ್ತಾ ಬಂದಾಗ 46ರ ಹತ್ತಿರ ರೆಸಿಸ್ಟೆನ್ಸ್ ಇಳಿಯುವ ಬದಲು ಮೇಲಕ್ಕೆ ತಿರುಗಿತು. ಆರ್-ಫೇಸ್‌ನ ಸಹಿ ಅದೇ. ಮತ್ತೆ ಬೀಳಲಿಲ್ಲ, ಅಂದರೆ ಮಾರ್ಟೆನ್ಸೈಟ್ ಇನ್ನೂ ದೂರ ಇದೆ. ಆಗ ಕೂಗಿದ ಕೂಗಿಗೆ ಪಕ್ಕದ ಕೋಣೆಯವರು ಏನಾಯಿತು ಅಂತ ಓಡಿಬಂದರು. ಗ್ರಾಫ್ ತೋರಿಸಿದೆ. ವಾಪಸ್ ಹೋದರು.

ನಡುವೆ ಒಂದು ಹುಚ್ಚು. ಬಾವಿಯಿಂದ ಎಣ್ಣೆಯ ಜೊತೆ ಬರುವ ಬಿಸಿನೀರು ಸುಮ್ಮನೆ ತಣ್ಣಗಾಗುತ್ತದಲ್ಲ, ಅದರಿಂದ ಚಕ್ರ ತಿರುಗಿಸಿದರೆ? 1973ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ರಿಡ್ಜ್‌ವೇ ಬ್ಯಾಂಕ್ಸ್ ನಿಟಿನಾಲ್ ತಂತಿಯ ಎಂಜಿನ್ ಮಾಡಿದ್ದರು, ಬಿಸಿನೀರು ಒಂದು ಕಡೆ, ತಣ್ಣೀರು ಇನ್ನೊಂದು ಕಡೆ. ದಕ್ಷತೆ ಕೇಳಬೇಡಿ. ಆದರೆ ಹಾಳಾದ ಸ್ಪ್ರಿಂಗ್‌ಗಳ ಡಬ್ಬ ಒಂದು ತುಂಬಿದೆ, ಅದರಲ್ಲೇ ಚಕ್ರದ ಕಡ್ಡಿಗಳು ಆಗುತ್ತವೆ. ಇದು ಮುಗಿದ ಮೇಲೆ ಅದೇ.

ಆರ್-ಫೇಸ್ ಉಪಾಯ ನಿಜವಾದ ಹಬೆ ಬಾವಿಗೆ ಆಗುವುದಿಲ್ಲ. ಅಲ್ಲಿಗೆ ಹ್ಯಾಫ್ನಿಯಂ ಬೆರೆಸಿದ ಮಿಶ್ರಲೋಹ ಬೇಕು. ಹ್ಯಾಫ್ನಿಯಂ ಅಷ್ಟು ಸೇರಿದರೆ ಮಧ್ಯದ ನಿಲ್ದಾಣವೇ ಮಾಯ, ಲೋಹ ನೇರ ಮಾರ್ಟೆನ್ಸೈಟ್‌ಗೆ ಹಾರುತ್ತದೆ. ಆದರೆ ಭೂಮಿಯ ಬಿಸಿ ಕಿಲೋಮೀಟರ್‌ಗೆ 25-30 ಡಿಗ್ರಿಯಂತೆ ಏರುತ್ತದೆ, ಹಾಗಾಗಿ ಒಂದು ಕಿಲೋಮೀಟರ್ ಆಸುಪಾಸಿನ ಸಾಧಾರಣ ಬಾವಿಯ ತಾಪಮಾನಕ್ಕೆ ನನ್ನ 44-47 ಹತ್ತಿರವೇ ಇದೆ. ಅಲ್ಲಿಯ ಶತ್ರು ಬೇರೆ: ಮರಳು. ಸ್ಲೀವ್‌ನ ಸಂದು ಒಂದು ಕೂದಲಿನಷ್ಟು, ಕಣ ಸಿಕ್ಕಿಕೊಂಡರೆ ಆರ್-ಫೇಸ್‌ನ ಪುಟ್ಟ ಬಲಕ್ಕೆ ತಳ್ಳಲು ಆಗುವುದಿಲ್ಲ. ಜರಡಿ ಹಿಡಿದ ಸಣ್ಣ ಮರಳು ತಂದಿಟ್ಟಿದ್ದೇನೆ. ಮುಂದಿನ ಸಲ ಎಣ್ಣೆಗೆ ಅದನ್ನು ಬೆರೆಸಿ ಪಂಪ್ ಓಡಿಸುತ್ತೇನೆ, ಸೀಳುಗಳ ಅಂಚನ್ನು ಓರೆಯಾಗಿ ತೇದು ಒಮ್ಮೆ, ತೇಯದೆ ಒಮ್ಮೆ.